ಹಳೆಯ ಸೀರಿಯಲ್ ಉಪಕರಣ, ಹೊಸ ನೆಟ್‌ವರ್ಕ್: ನಡುವೆ ಕೂರುವ ಗೇಟ್‌ವೇಗಳ ವಿಮರ್ಶೆ

ತೂಕದ ಇಂಡಿಕೇಟರ್ ಇಪ್ಪತ್ತು ವರ್ಷ ಹಳೆಯದು. ತೂಕ ಸರಿಯಾಗಿಯೇ ತೋರಿಸುತ್ತದೆ, ಭಾರ ಅಳೆಯುವ ಲೋಡ್ ಸೆಲ್‌ಗಳೂ ಗಟ್ಟಿಮುಟ್ಟಾಗಿವೆ. ಆದರೆ ಹೊರಜಗತ್ತಿನ ಜೊತೆ ಮಾತಾಡಲು ಅದಕ್ಕಿರುವುದು ಹಿಂಬದಿಯ ಒಂಬತ್ತು ಪಿನ್ನಿನ ಆರ್‌ಎಸ್-232 ಪೋರ್ಟ್ ಒಂದೇ. ಅತ್ತ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕಂಟ್ರೋಲರ್) ಬದಲಾಗಿದೆ, ಪ್ರೊಫಿನೆಟ್ ಅಥವಾ ಈಥರ್‌ನೆಟ್/ಐಪಿ ಎಂಬ ಕಾರ್ಖಾನೆ ನೆಟ್‌ವರ್ಕ್‌ಗಳನ್ನು ಬಿಟ್ಟು ಬೇರೆ ಭಾಷೆ ಅದಕ್ಕೆ ಬೇಡ. ಇಂಡಿಕೇಟರನ್ನೇ ಬದಲಿಸೋಣ ಎಂದರೆ ಹೊಸ ವೈರಿಂಗ್, ಹೊಸ ಕ್ಯಾಲಿಬ್ರೇಷನ್, ಅಷ್ಟು ಹೊತ್ತು ಲೈನ್ ಬಂದ್. ಹಾಗಾಗಿ ಪ್ಯಾನೆಲ್ಲಿನ ಡಿನ್ ರೈಲಿನ (ಮಾಡ್ಯೂಲ್ ಕೂರಿಸುವ ಲೋಹದ ಪಟ್ಟಿ) ಮೇಲೆ ಎರಡು ಬೆರಳಗಲದ ಒಂದು ಡಬ್ಬಿ, ಅಂದರೆ ಗೇಟ್‌ವೇ, ಕೂರಿಸಿ ಎರಡನ್ನೂ ಜೋಡಿಸುವುದೇ ಜಾಣತನ. ಬಾರ್‌ಕೋಡ್ ರೀಡರ್, ಟೆಂಪರೇಚರ್ ಕಂಟ್ರೋಲರ್, ಹಳೆಯ ಡ್ರೈವ್, ಲೇಬಲ್ ಪ್ರಿಂಟರ್, ಎನರ್ಜಿ ಮೀಟರ್ ಎಲ್ಲದರ ಕಥೆಯೂ ಇದೇ.

ಈ ಕೆಲಸಕ್ಕೆ ಸಿಗುವ ಮೂರು ಬಗೆಯ ಮಾಡ್ಯೂಲ್‌ಗಳನ್ನು ಇಲ್ಲಿ ಎದುರುಬದುರು ಇಟ್ಟು ನೋಡಿದ್ದೇವೆ. ಒಂದು, ಪಿಎಲ್‌ಸಿ ತಯಾರಕರದ್ದೇ ಸೀರಿಯಲ್ ಕಾರ್ಡ್. ಸೀಮೆನ್ಸ್‌ನ ಸಿಎಂ 1241 ಮತ್ತು ಇಟಿ 200ಎಸ್‌ಪಿಯ ಸಿಎಂ ಪಿಟಿಪಿ ಇದಕ್ಕೆ ಉದಾಹರಣೆ. ಎರಡು, ಕೋಡ್ ಬರೆಯದೆ ಪಟ್ಟಿ ತುಂಬಿಸಿ ಹೊಂದಿಸುವ ಗೇಟ್‌ವೇ. ಸ್ವೀಡನ್ನಿನ ಎಚ್‌ಎಂಎಸ್ ನೆಟ್‌ವರ್ಕ್ಸ್‌ನ ಎನಿಬಸ್ ಕಮ್ಯುನಿಕೇಟರ್ ಈ ಜಾತಿಯದು. ಮೂರು, ಒಳಗೆ ನಮ್ಮದೇ ಪ್ರೋಗ್ರಾಂ ಓಡುವ ಗೇಟ್‌ವೇ. ಜರ್ಮನಿಯ ಡಾಯ್ಚ್‌ಮನ್‌ನ ಯುನಿಗೇಟ್ ಸಿಎಲ್ ಸರಣಿ ಸ್ಕ್ರಿಪ್ಟ್ ಮೇಲೆ ನಡೆಯುತ್ತದೆ. ಕಂಟ್ರೋಲ್‌ಲಾಜಿಕ್ಸ್ ಎಂಬ ಪಿಎಲ್‌ಸಿಯ ರ್‍ಯಾಕಿನಲ್ಲೇ ಕೂರುವ ಪ್ರೋಸಾಫ್ಟ್‌ನ ಎಂವಿಐ56-ಎಡಿಎಂ ಸಿ ಭಾಷೆಯ ಪ್ರೋಗ್ರಾಂ ಓಡಿಸುತ್ತದೆ.

ಕ್ಯಾಟಲಾಗಿನಲ್ಲಿ ಎಷ್ಟು ಪ್ರೋಟೊಕಾಲ್‌ಗಳ, ಅಂದರೆ ಉಪಕರಣಗಳ ಮಾತಿನ ನಿಯಮಗಳ, ಹೆಸರಿದೆ ಎಂದು ಎಣಿಸಿ ಮಾಡ್ಯೂಲ್ ಕೊಳ್ಳುವವರೇ ಹೆಚ್ಚು. ಆ ಎಣಿಕೆಯಿಂದ ಉಪಯೋಗ ಕಡಿಮೆ. ಯಾವ ಡಬ್ಬಿಗಾದರೂ ಕೇಳಬೇಕಾದ ಪ್ರಶ್ನೆ ಎರಡು. ಹರಿದು ಬರುವ ಬೈಟ್‌ಗಳಲ್ಲಿ ಒಂದು ಸಂದೇಶ ಎಲ್ಲಿ ಮುಗಿಯಿತು ಎಂಬುದು ನಿನಗೆ ಹೇಗೆ ಗೊತ್ತಾಗುತ್ತದೆ? ಉಪಕರಣ ಬಾಯಿ ಮುಚ್ಚಿಕೊಂಡಾಗ ಪಿಎಲ್‌ಸಿಗೆ ಏನು ಹೇಳುತ್ತೀಯ? ಎರಡಕ್ಕೂ ಸರಿಯಾದ ಉತ್ತರ ಕೊಡದ ಮಾಡ್ಯೂಲ್, ಉಳಿದೆಲ್ಲದರಲ್ಲಿ ಎಷ್ಟೇ ಚೆನ್ನಾಗಿದ್ದರೂ, ಪ್ಯಾನೆಲ್ಲಿಗೆ ಯೋಗ್ಯವಲ್ಲ.

ಒಂದು ತೂಕದ ಸಂದೇಶ, ಹತ್ತಿರದಿಂದ

ತೂಕದ ಇಂಡಿಕೇಟರ್‌ಗಳು ಸಾಮಾನ್ಯವಾಗಿ ಕಳಿಸುವ ಮಾದರಿಯ ಒಂದು ಸಾಲು ತೆಗೆದುಕೊಳ್ಳೋಣ. ಮೊದಲು 'ಎಸ್', 'ಟಿ' ಎಂಬ ಎರಡು ಅಕ್ಷರ, ಅಂದರೆ ತೂಕ ನಿಂತಿದೆ ಎಂದರ್ಥ. ಒಂದು ಅಲ್ಪವಿರಾಮ. ಒಟ್ಟು ತೂಕ ಎಂದು ಹೇಳಲು 'ಜಿ', 'ಎಸ್'. ಮತ್ತೊಂದು ಅಲ್ಪವಿರಾಮ. ಕೂಡುವ ಅಥವಾ ಕಳೆಯುವ ಚಿಹ್ನೆ. ಆಮೇಲೆ 0012.34 ಎಂಬ ಏಳು ಅಕ್ಷರ, 'ಕೆ', 'ಜಿ'. ಕೊನೆಗೆ 13 ಮತ್ತು 10 ಎಂಬ ಎರಡು ಬೈಟ್, ಅಂದರೆ ಕ್ಯಾರೇಜ್ ರಿಟರ್ನ್ ಮತ್ತು ಲೈನ್ ಫೀಡ್. ಒಟ್ಟು 18 ಬೈಟ್. 9600 ಬಾಡ್ (ಸೆಕೆಂಡಿಗೆ 9600 ಬಿಟ್), 8 ಡೇಟಾ ಬಿಟ್, ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಬಿಟ್) ಇಲ್ಲ, 1 ಸ್ಟಾಪ್ ಬಿಟ್ ಎಂದಾದರೆ ಒಂದು ಬೈಟಿಗೆ ಸ್ಟಾರ್ಟ್ ಬಿಟ್ ಸೇರಿ 10 ಬಿಟ್, ಸುಮಾರು 1.04 ಮಿಲಿಸೆಕೆಂಡ್. ಇಡೀ ಸಾಲಿಗೆ 18.75 ಮಿಲಿಸೆಕೆಂಡ್. ಸೆಕೆಂಡಿಗೆ ಹತ್ತು ಸಲ ಕಳಿಸುವ ಇಂಡಿಕೇಟರ್ ಆದರೆ ಎರಡು ಸಾಲುಗಳ ನಡುವೆ 81 ಮಿಲಿಸೆಕೆಂಡ್ ಮೌನ.

ಈ ಸಾಲಿನ ಅಂತ್ಯ ಕಂಡುಹಿಡಿಯಲು ಮೂರು ದಾರಿಯಿವೆ. 10 ಎಂಬ ಬೈಟ್ ಬಂದಾಗ ಮುಗಿಯಿತು ಎನ್ನಬಹುದು. 18 ಬೈಟ್ ತುಂಬಿದಾಗ ಮುಗಿಯಿತು ಎನ್ನಬಹುದು. 5 ಮಿಲಿಸೆಕೆಂಡ್ ಏನೂ ಬರದಿದ್ದರೆ ಮುಗಿಯಿತು ಎನ್ನಬಹುದು. ಬರೀ ಉದ್ದವನ್ನು ನಂಬಿದರೆ ಕೆಟ್ಟಿರಿ. ಮಾಡ್ಯೂಲ್ ಚಾಲೂ ಆದಾಗ ಇಂಡಿಕೇಟರ್ ಸಾಲಿನ ಮಧ್ಯದಲ್ಲಿದ್ದರೆ ಅರ್ಧ ಹಳೆಯ ಸಾಲು, ಅರ್ಧ ಹೊಸ ಸಾಲು ಸೇರಿ 18 ಆಗುತ್ತದೆ, ಆ ತಪ್ಪು ಮುಂದೆ ಪ್ರತಿ ಸಾಲಿಗೂ ಅಂಟಿಕೊಂಡೇ ಹೋಗುತ್ತದೆ. ಕೊನೆಯ ಬೈಟನ್ನು ಕಾಯಿರಿ, ಅದು ಬಂದ ಮೇಲೆ ಉದ್ದ 18 ಇದೆಯೇ ನೋಡಿ, 12ನೇ ಬೈಟು 46, ಅಂದರೆ ದಶಾಂಶ ಚುಕ್ಕಿ, ಆಗಿದೆಯೇ ನೋಡಿ. ಮೂರೂ ಸರಿಯಿದ್ದರೆ ಮಾತ್ರ ಒಪ್ಪಿಕೊಳ್ಳಿ. ಯಾರೋ ಇಂಡಿಕೇಟರಿನ ಮೆನುವಿಗೆ ಹೋಗಿ ದಶಾಂಶ ಸ್ಥಾನ ಬದಲಿಸಿದರೆ ಚುಕ್ಕಿ 13ನೇ ಜಾಗಕ್ಕೆ ಸರಿಯುತ್ತದೆ. ಈ ಪರೀಕ್ಷೆ ಇಲ್ಲದಿದ್ದರೆ ತೂಕ ಹತ್ತು ಪಟ್ಟು ತಪ್ಪಿ ಒಳಗೆ ಹೋಗುತ್ತದೆ, ಯಾವ ಅಲಾರಮ್ಮೂ ಬರುವುದಿಲ್ಲ.

ಬರೀ ಸೀರಿಯಲ್‌ನಿಂದ ಈಥರ್‌ನೆಟ್‌ಗೆ ಬೈಟ್ ದಾಟಿಸುವ ಅಗ್ಗದ ಕನ್ವರ್ಟರ್‌ಗಳು ಇಲ್ಲಿಯೇ ಎಡವುತ್ತವೆ. ಅವು ಈಥರ್‌ನೆಟ್ ಮೇಲೆ ಬಳಸುವ ಟಿಸಿಪಿ ಎಂಬುದು ಬೈಟ್‌ಗಳ ಹೊಳೆ, ಅದಕ್ಕೆ ಸಾಲು, ಸಂದೇಶ ಎಂಬ ಗಡಿಯೇ ಇಲ್ಲ. ಒಂದು ಸಾಲು ಎರಡು ಪ್ಯಾಕೆಟ್ ಆಗಿ ಬರಬಹುದು, ಎರಡು ಸಾಲು ಒಂದೇ ಪ್ಯಾಕೆಟ್ಟಿನಲ್ಲಿ ಬರಬಹುದು. ಕಂಪ್ಯೂಟರಿನ ಸಾಫ್ಟ್‌ವೇರಿಗೆ ಅದು ನಡೆಯುತ್ತದೆ. ಪಿಎಲ್‌ಸಿಯ ಜೊತೆ ಸೈಕ್ಲಿಕ್ ಆಗಿ, ಅಂದರೆ ನಿಗದಿತ ಅಂತರದಲ್ಲಿ ಮತ್ತೆ ಮತ್ತೆ, ಮಾತಾಡಲು ಅವು ಬೇಡ.

ಸ್ಕ್ರಿಪ್ಟ್ ಓಡಿಸುವ ಗೇಟ್‌ವೇ

ಇಂಥ ಸಾಲಿಗೆ ನಮ್ಮ ಮೊದಲ ಆಯ್ಕೆ ಯುನಿಗೇಟ್ ಸಿಎಲ್‌ನಂಥ ಮಾಡ್ಯೂಲ್. ಆರ್‌ಎಸ್-232, 422, 485 ಎಂಬ ಮೂರು ಬಗೆಯ ಸೀರಿಯಲ್ ಸಂಪರ್ಕಗಳೂ ಒಂದೇ ಡಬ್ಬಿಯಲ್ಲಿವೆ. ನೆಟ್‌ವರ್ಕ್ ಕಡೆಗೆ ಪ್ರೊಫಿಬಸ್ (ಪ್ರೊಫಿನೆಟ್‌ಗಿಂತ ಹಳೆಯ ಕಾರ್ಖಾನೆ ನೆಟ್‌ವರ್ಕ್), ಪ್ರೊಫಿನೆಟ್, ಈಥರ್‌ನೆಟ್/ಐಪಿ ಎಂದು ಬೇರೆ ಬೇರೆ ಮಾದರಿಗಳು. ಪ್ರೋಟೊಕಾಲ್ ಡೆವಲಪರ್ ಎಂಬ ಸಾಫ್ಟ್‌ವೇರಿನಲ್ಲಿ ಸ್ಕ್ರಿಪ್ಟ್ ಬರೆದು, ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಬದಲಿಸಿ, ಮಾಡ್ಯೂಲಿಗೆ ಇಳಿಸಬೇಕು. ಅದರ ಭಾಷೆ ಸಣ್ಣದು: ಬೈಟ್ ಓದು, ಹೋಲಿಸು, ಜಿಗಿ, ಲೆಕ್ಕ ಮಾಡು, ಬಸ್ಸಿನ, ಅಂದರೆ ನೆಟ್‌ವರ್ಕಿನ, ಮೇಲಿಡು. ಒಮ್ಮೆಯೂ ಪ್ರೋಗ್ರಾಂ ಬರೆಯದವರಿಗೆ ಮೊದಲ ಎರಡು ದಿನ ಕಷ್ಟವೇ. ಆಮೇಲೆ ಸಿಗುವ ಸ್ವಾತಂತ್ರ್ಯ ಮಾತ್ರ ಬೇರೆ ಬಗೆಯ ಡಬ್ಬಿಗಳಲ್ಲಿ ಸಿಗದು.

ಮೇಲಿನ ತೂಕದ ಸಾಲನ್ನು ಮಾಡ್ಯೂಲಿನೊಳಗೇ ಅಂಕಿಯಾಗಿ ಬದಲಿಸಿ, ಪಿಎಲ್‌ಸಿಗೆ 8 ಬೈಟ್ ಮಾತ್ರ ಕೊಡುವ ವ್ಯವಸ್ಥೆ ಹೀಗಿರಲಿ. ಬೈಟ್ 0 ಸ್ಥಿತಿ: ಮೊದಲ ಬಿಟ್ 'ಡೇಟಾ ಸರಿಯಿದೆ', ಎರಡನೆಯದು 'ತೂಕ ನಿಂತಿದೆ', ಮೂರನೆಯದು 'ಟೈಮ್‌ಔಟ್' (ಕಾಯುವ ಸಮಯ ಮೀರಿತು), ನಾಲ್ಕನೆಯದು 'ಸಾಲಿನ ರೂಪ ತಪ್ಪಿದೆ'. ಬೈಟ್ 1 ಒಂದು ಎಣಿಕೆ, ಪ್ರತಿ ಒಳ್ಳೆಯ ಸಾಲಿಗೂ ಒಂದು ಏರಿ 255 ಆದ ಮೇಲೆ ಮತ್ತೆ 0. ಬೈಟ್ 2 ಮತ್ತು 3 ಕೊನೆಯ ಒಳ್ಳೆಯ ಸಾಲು ಬಂದು ಎಷ್ಟು ಹೊತ್ತಾಯಿತು ಎಂಬ ಲೆಕ್ಕ, 100 ಮಿಲಿಸೆಕೆಂಡಿನ ಮಾನದಲ್ಲಿ. ಬೈಟ್ 4ರಿಂದ 7ರವರೆಗೆ ತೂಕ, ಚಿಹ್ನೆ ಸಹಿತ 32 ಬಿಟ್ ಪೂರ್ಣಾಂಕ. 12.34 ಕೆಜಿ ಎಂಬುದು 1234 ಆಗಿ ಬರುತ್ತದೆ. ಅಕ್ಷರದಿಂದ ಅಂಕಿಗೆ ಬದಲಿಸುವುದು ಕಷ್ಟವೇನಲ್ಲ: 8ರಿಂದ 11ನೇ ಬೈಟು, ಆಮೇಲೆ 13 ಮತ್ತು 14, ಪ್ರತಿಯೊಂದರಿಂದ 48 ಕಳೆಯಿರಿ, ಈವರೆಗಿನ ಮೊತ್ತವನ್ನು ಹತ್ತರಿಂದ ಗುಣಿಸಿ ಕೂಡಿಸಿ. ಒಂದು ಎಚ್ಚರಿಕೆ: ಮುಂದಿನ ಸೊನ್ನೆಗಳ ಬದಲು ಖಾಲಿ ಜಾಗ, ಅಂದರೆ 32 ಎಂಬ ಬೈಟ್, ಕಳಿಸುವ ಇಂಡಿಕೇಟರ್‌ಗಳಿವೆ. ಅದನ್ನು ಸೊನ್ನೆ ಎಂದೇ ಎಣಿಸಬೇಕು, ಇಲ್ಲದಿದ್ದರೆ 32ರಿಂದ 48 ಕಳೆದು ಋಣ ಸಂಖ್ಯೆಯೊಂದು ಲೆಕ್ಕದೊಳಗೆ ನುಸುಳುತ್ತದೆ.

ಆ ಎಣಿಕೆಯ ಬೈಟ್ ಇಡೀ ವ್ಯವಸ್ಥೆಯ ಜೀವ. ಸೈಕ್ಲಿಕ್ ನೆಟ್‌ವರ್ಕಿನಲ್ಲಿ ಗೇಟ್‌ವೇ ಕೊನೆಯ ಮೌಲ್ಯವನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಇಂಡಿಕೇಟರಿನ ಕೇಬಲ್ ಕಿತ್ತು ಬಂದರೂ ಪ್ರೊಫಿನೆಟ್ ಕಡೆ ಹಸಿರು ದೀಪ ಹಾಗೇ ಉರಿಯುತ್ತದೆ, 12.34 ಹಾಗೇ ನಿಂತಿರುತ್ತದೆ. ಬ್ಯಾಚಿಂಗ್ ಹಾಪರಿನಲ್ಲಿ (ಸಾಮಾನು ತೂಗುವ ತೊಟ್ಟಿ) ಗೇಟ್ ತೆರೆದಿದೆ, ಪಿಎಲ್‌ಸಿ 50 ಕೆಜಿ ಆಗಲಿ ಎಂದು ಕಾಯುತ್ತಿದೆ, ಪರದೆಯ ಮೇಲಿನ ತೂಕ ಮಿಸುಕಾಡುವುದಿಲ್ಲ. ಸಾಮಾನು ಕೆಳಗೆ ಚೆಲ್ಲಿ ರಾಶಿಯಾದ ಮೇಲಷ್ಟೇ ಯಾರಿಗಾದರೂ ಗೊತ್ತಾಗುವುದು. ಎಣಿಕೆ ಅರ್ಧ ಸೆಕೆಂಡಿನಿಂದ ಬದಲಾಗಿಲ್ಲವೆಂದರೆ ಗೇಟ್ ಮುಚ್ಚು ಎಂಬ ಒಂದು ಸಾಲು ಪಿಎಲ್‌ಸಿಯಲ್ಲಿದ್ದರೆ ಸಾಕು. ಸ್ಕ್ರಿಪ್ಟ್ ಇರುವ ಮಾಡ್ಯೂಲಿನಲ್ಲಿ ಇದನ್ನು ನಮಗೆ ಬೇಕಾದ ಹಾಗೆ ಕಟ್ಟಿಕೊಳ್ಳಬಹುದು. ನಮ್ಮ ಒಲವು ಅದರ ಕಡೆಗಿರಲು ಮುಖ್ಯ ಕಾರಣವೇ ಇದು.

ಕೊರತೆಯನ್ನೂ ಹೇಳಬೇಕು. ಸ್ಕ್ರಿಪ್ಟ್ ಬರೆದವರು ಊರು ಬಿಟ್ಟರೆ ಆ ಡಬ್ಬಿ ಬೀಗ ಹಾಕಿದ ಪೆಟ್ಟಿಗೆಯಾಗುತ್ತದೆ. ಕಂಪೈಲ್ ಆಗಿ ಒಳಗೆ ಕೂತಿರುವುದರಿಂದ ಮೂಲ ಬರಹ ಮರಳಿ ಸಿಗುತ್ತದೆಂದು ನಂಬಿ ಕೂರಬಾರದು. ಮೂಲ ಸ್ಕ್ರಿಪ್ಟ್, ನೆಟ್‌ವರ್ಕಿನ ಜಿಎಸ್‌ಡಿ ಫೈಲ್ (ಪಿಎಲ್‌ಸಿಗೆ ಮಾಡ್ಯೂಲಿನ ವಿವರ ಕೊಡುವ ಫೈಲ್), ಸೀರಿಯಲ್ ಸೆಟ್ಟಿಂಗ್, ಕೇಬಲ್ಲಿನ ಪಿನ್ ಚಿತ್ರ ಈ ನಾಲ್ಕನ್ನೂ ಪಿಎಲ್‌ಸಿಯ ಬ್ಯಾಕಪ್ ಜೊತೆಗೇ ಇಡಿ. ಎಂವಿಐ56-ಎಡಿಎಂಗೂ ಇದೇ ಮಾತು, ಇನ್ನೂ ಒಂದು ಪಟ್ಟು ಗಟ್ಟಿಯಾಗಿ. ಸಿ ಭಾಷೆಯಲ್ಲಿ ಬರೆದದ್ದನ್ನು ಮತ್ತೆ ಕಂಪೈಲ್ ಮಾಡಲು ಅದೇ ಹಳೆಯ ಟೂಲ್‌ಗಳು ಬೇಕಾಗುತ್ತವೆ. ಅಪರೂಪದ ಪ್ರೋಟೊಕಾಲ್ ಇದ್ದು, ಬರೆಯಬಲ್ಲವರು ಸಂಸ್ಥೆಯಲ್ಲೇ ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಪಟ್ಟಿ ತುಂಬಿಸುವ ಗೇಟ್‌ವೇ

ಎನಿಬಸ್ ಕಮ್ಯುನಿಕೇಟರಿನ ಶಕ್ತಿ ಇರುವುದು ಪ್ರಶ್ನೆ ಕೇಳಿ ಉತ್ತರ ಪಡೆಯುವ ಉಪಕರಣಗಳಲ್ಲಿ. ಮಾಡ್‌ಬಸ್ ಆರ್‌ಟಿಯು ಅದರ ಅತ್ಯುತ್ತಮ ಉದಾಹರಣೆ. 1979ರಲ್ಲಿ ಮೊಡಿಕಾನ್ ಕಂಪನಿ ತಂದ ಈ ಪ್ರೋಟೊಕಾಲ್ ಇಂದಿಗೂ ಮೀಟರ್, ಡ್ರೈವ್, ಕಂಟ್ರೋಲರ್ ಎಲ್ಲದರಲ್ಲೂ ಜೀವಂತ. ಉಪಕರಣದ ವಿಳಾಸ, ಫಂಕ್ಷನ್ (ಓದಬೇಕೋ ಬರೆಯಬೇಕೋ), ರಿಜಿಸ್ಟರ್ (ಮೌಲ್ಯ ಇರುವ ಜಾಗ), ಎಷ್ಟು ಎಂದು ತುಂಬಿಸಿದರೆ ತಪ್ಪು ಹಿಡಿಯಲು ಕೊನೆಗೆ ಬರುವ ಸಿಆರ್‌ಸಿ ಬೈಟ್‌ಗಳನ್ನು ಮಾಡ್ಯೂಲೇ ಹಾಕಿಕೊಳ್ಳುತ್ತದೆ. ಉತ್ತರದ ಬೈಟ್‌ಗಳು ಪಿಎಲ್‌ಸಿಯ ಯಾವ ಜಾಗಕ್ಕೆ ಬೀಳಬೇಕೆಂದು ತೋರಿಸಿದರೆ ಕೆಲಸ ಮುಗಿಯಿತು. ಮಾಡ್‌ಬಸ್ ಅಲ್ಲದ ಉಪಕರಣಕ್ಕೆ ಸಂದೇಶವನ್ನು ನಾವೇ ಬೈಟ್ ಬೈಟಾಗಿ ಕಟ್ಟಬಹುದು: ಸ್ಥಿರ ಬೈಟ್, ಡೇಟಾ, ಕೊನೆಗೆ ಚೆಕ್‌ಸಮ್. ಸಂದೇಶವನ್ನು ಸದಾ ಕಳಿಸುತ್ತಿರಬೇಕೋ, ಡೇಟಾ ಬದಲಾದಾಗ ಮಾತ್ರವೋ, ಪಿಎಲ್‌ಸಿ ಟ್ರಿಗರ್ ಬೈಟ್ ಬದಲಿಸಿದಾಗ ಮಾತ್ರವೋ ಎಂಬ ಆಯ್ಕೆಯೂ ಇದೆ. ಲೇಬಲ್ ಪ್ರಿಂಟರಿಗೆ ಟ್ರಿಗರ್ ಆಯ್ಕೆಯೇ ಬೇಕು. 'ಸದಾ' ಎಂದು ಬಿಟ್ಟರೆ ರೋಲ್ ಮುಗಿಯುವವರೆಗೂ ಒಂದೇ ಲೇಬಲ್ ಅಚ್ಚಾಗುತ್ತಲೇ ಇರುತ್ತದೆ.

ಉಪಕರಣ ಮೌನವಾದರೆ ಏನು ಮಾಡಬೇಕು ಎಂಬುದಕ್ಕೆ ಇದರಲ್ಲಿ ಎರಡು ಆಯ್ಕೆ: ಹಳೆಯ ಮೌಲ್ಯ ಹಾಗೇ ಇಡು, ಅಥವಾ ಸೊನ್ನೆ ಮಾಡು. ಸೊನ್ನೆ ಮಾಡುವುದು ಸುರಕ್ಷಿತ ಎಂದು ಕೇಳಿದ ಕೂಡಲೆ ಅನಿಸುತ್ತದೆ, ಆದರೆ ತೂಕಕ್ಕೂ ತಾಪಮಾನಕ್ಕೂ ಸೊನ್ನೆಯೂ ಒಂದು ನಿಜವಾದ ಮೌಲ್ಯವೇ. ಕುಲುಮೆಯ ತಾಪಮಾನ ಸೊನ್ನೆ ಎಂದು ಕಂಡರೆ ಪಿಎಲ್‌ಸಿ ಹೀಟರನ್ನು ಪೂರ್ತಿ ತೆರೆದುಬಿಡಬಹುದು. ಹಾಗಾಗಿ ಯಾವ ಆಯ್ಕೆ ಮಾಡಿದರೂ ಸ್ಥಿತಿಯ ವರ್ಡನ್ನು (ಸಂಪರ್ಕದ ಸ್ಥಿತಿ ಹೇಳುವ ಬೈಟ್‌ಗಳು) ಮ್ಯಾಪಿಂಗಿನಲ್ಲಿ ಸೇರಿಸಿ, ಪಿಎಲ್‌ಸಿ ಅದನ್ನು ಓದುವಂತೆ ಮಾಡಿ. ನಾಲ್ಕು ಬೈಟ್ ಉಳಿಸಲು ಅದನ್ನು ಬಿಟ್ಟುಬಿಡುವುದು ಪದೇ ಪದೇ ಕಾಣುವ ತಪ್ಪು.

ಇಂಥ ಗೇಟ್‌ವೇಯಲ್ಲಿ ವೇಗದ ಲೆಕ್ಕ ಹಾಕದೆ ಮುಂದೆ ಹೋಗಬೇಡಿ. 9600 ಬಾಡ್, ಈವನ್ ಪ್ಯಾರಿಟಿ ಎಂದರೆ ಒಂದು ಬೈಟಿಗೆ 11 ಬಿಟ್, 1.146 ಮಿಲಿಸೆಕೆಂಡ್. ಹತ್ತು ರಿಜಿಸ್ಟರ್ ಕೇಳುವ ಪ್ರಶ್ನೆ 8 ಬೈಟ್, ಉತ್ತರ 25 ಬೈಟ್, ಒಟ್ಟು 33 ಬೈಟಿಗೆ ಸುಮಾರು 38 ಮಿಲಿಸೆಕೆಂಡ್. ಸಂದೇಶಗಳ ನಡುವೆ ಮಾಡ್‌ಬಸ್ ಕೇಳುವ ಮೂರೂವರೆ ಅಕ್ಷರದ ಮೌನ 4 ಮಿಲಿಸೆಕೆಂಡ್, ಅದು ಎರಡು ಸಲ. ಉಪಕರಣ ಯೋಚಿಸಿ ಉತ್ತರಿಸಲು 35 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ ಒಂದು ಮೀಟರಿಗೆ 80ರ ಹತ್ತಿರ. ಎಂಟು ಮೀಟರಿಗೆ 650 ಮಿಲಿಸೆಕೆಂಡ್. ಇದು ಚೆನ್ನಾಗಿಯೇ ಇದೆ.

ಈಗ ಎಂಟರಲ್ಲಿ ಒಂದು ಮೀಟರಿನ ಪವರ್ ಹೋಗಲಿ. ಟೈಮ್‌ಔಟ್ 1000 ಮಿಲಿಸೆಕೆಂಡ್, ಮರುಪ್ರಯತ್ನ 3 ಎಂದಿದ್ದರೆ ಆ ಸತ್ತ ಮೀಟರಿನ ಬಾಗಿಲಲ್ಲೇ 4 ಸೆಕೆಂಡ್ ಕಾಯುತ್ತೇವೆ. ಉಳಿದ ಏಳರ ಮೌಲ್ಯಗಳೂ ನಾಲ್ಕೂವರೆ ಸೆಕೆಂಡಿಗೊಮ್ಮೆ ಬರತೊಡಗುತ್ತವೆ. ನೋಡುವವರಿಗೆ ಇಡೀ ನೆಟ್‌ವರ್ಕೇ ನಿಧಾನವಾದಂತೆ ಕಾಣುತ್ತದೆ, ತಪ್ಪು ಹುಡುಕುವವರು ಪ್ರೊಫಿನೆಟ್ ಸ್ವಿಚ್ ಬದಲಿಸುತ್ತ ಕೂರುತ್ತಾರೆ. ಟೈಮ್‌ಔಟ್ 200ಕ್ಕೆ ಇಳಿಸಿ, ಮರುಪ್ರಯತ್ನ 1 ಮಾಡಿ, ಸತ್ತ ಉಪಕರಣವನ್ನು ಮತ್ತೆ ಕರೆಯುವ ಅವಧಿ 10 ಸೆಕೆಂಡ್ ಇಡಿ. ಆಗ ಹತ್ತು ಸೆಕೆಂಡಿಗೊಮ್ಮೆ 400 ಮಿಲಿಸೆಕೆಂಡ್ ಮಾತ್ರ ಪೋಲು. 200 ಸಾಕೇ ಎಂಬುದು ಆ ಉಪಕರಣದ ಕೈಪಿಡಿಯಲ್ಲಿರುವ ಗರಿಷ್ಠ ಉತ್ತರ ಸಮಯದ ಮೇಲೆ ನಿಂತಿದೆ. ಹಳೆಯ ಕೆಲವು ಕಂಟ್ರೋಲರ್‌ಗಳು ಮೆಮೊರಿಗೆ ಬರೆಯುವಾಗ ಓದುವಾಗಿನದಕ್ಕಿಂತ ಬಹಳ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ.

ಈ ಬಗೆಯ ಡಬ್ಬಿಯ ಮಿತಿ ಎಂದರೆ 'ಹೀಗಾದರೆ ಹಾಗೆ ಮಾಡು' ಎಂಬ ತರ್ಕ ಇದಕ್ಕೆ ಒಗ್ಗುವುದಿಲ್ಲ. ಮೊದಲು ಹಲೋ ಹೇಳಿ, ಬಂದ ಉತ್ತರದ ಮೂರನೇ ಬೈಟ್ ನೋಡಿ, ಮುಂದಿನ ಪ್ರಶ್ನೆ ಯಾವುದೆಂದು ತೀರ್ಮಾನಿಸುವ ಉಪಕರಣವಾದರೆ ಸ್ಕ್ರಿಪ್ಟಿನ ಕಡೆ ಹೋಗಿ. ತೂಕದ ಸಾಲನ್ನು ಇದರಲ್ಲಿ ತರಬಹುದು, ಆದರೆ ಅಕ್ಷರಗಳು ಅಕ್ಷರಗಳಾಗಿಯೇ ಪಿಎಲ್‌ಸಿಗೆ ಬಂದು ಬೀಳುತ್ತವೆ. 48 ಕಳೆಯುವ ಕೆಲಸ ಪಿಎಲ್‌ಸಿಯ ಪಾಲಿಗೆ. ಇನ್ನೊಂದು ಕಡೆಯಿಂದ ನೋಡಿದರೆ, ಹೊಸಬರು ಬಂದು ಅರ್ಧ ಗಂಟೆಯಲ್ಲಿ ಅರ್ಥ ಮಾಡಿಕೊಳ್ಳಬಹುದಾದ ಏಕೈಕ ಬಗೆಯೂ ಇದೇ.

ಪಿಎಲ್‌ಸಿಯದೇ ಕಾರ್ಡ್

ಒಂದೇ ಉಪಕರಣ, ಪಿಎಲ್‌ಸಿಯ ಪಕ್ಕದಲ್ಲೇ ಇದೆ, ಪಿಎಲ್‌ಸಿ ಸೀಮೆನ್ಸ್ ಎಂದಾದರೆ ಬೇರೆ ಡಬ್ಬಿ ಹುಡುಕುವ ಅಗತ್ಯವಿಲ್ಲ. ಅದರ ಎಸ್7-1200 ಪಿಎಲ್‌ಸಿಯ ಎಡಕ್ಕೆ ಸಿಎಂ 1241ರಂಥ ಕಮ್ಯುನಿಕೇಷನ್ ಮಾಡ್ಯೂಲ್ ಗರಿಷ್ಠ ಮೂರು ಹಾಕಬಹುದು. ದೂರದ ಪ್ಯಾನೆಲ್ಲಿಗಾದರೆ ಇಟಿ 200ಎಸ್‌ಪಿಯ ಸಿಎಂ ಪಿಟಿಪಿ. ಅದರಲ್ಲಿ 232, 422, 485 ಮೂರೂ ಇವೆ. ಫ್ರೀಪೋರ್ಟ್ (ಸಂದೇಶದ ರೂಪವನ್ನು ನಾವೇ ನಿರ್ಧರಿಸುವುದು), ಮಾಡ್‌ಬಸ್ ಆರ್‌ಟಿಯು, 3964ಆರ್, ಯುಎಸ್‌ಎಸ್ ಪ್ರೋಟೊಕಾಲ್‌ಗಳು ನಡೆಯುತ್ತವೆ. ಸಂದೇಶ ಎಲ್ಲಿ ಮುಗಿಯಿತು ಎಂಬ ಪ್ರಶ್ನೆಗೆ ಈ ಕಾರ್ಡ್ ಕೊಡುವ ಉತ್ತರ ಶ್ಲಾಘನೀಯ: ಕೊನೆಯ ಅಕ್ಷರ, ಸ್ಥಿರ ಉದ್ದ, ಅಕ್ಷರಗಳ ನಡುವಿನ ವಿರಾಮ, ಸಂದೇಶದೊಳಗೇ ಇರುವ ಉದ್ದದ ಬೈಟ್ ಇವನ್ನು ಬೇಕಾದಂತೆ ಸೇರಿಸಿಕೊಳ್ಳಬಹುದು. ತರ್ಕವೆಲ್ಲ ಪಿಎಲ್‌ಸಿ ಪ್ರೋಗ್ರಾಮಿನಲ್ಲೇ ಇರುವುದರಿಂದ ಆನ್‌ಲೈನ್ ನೋಡಿ ತಪ್ಪು ಹಿಡಿಯಬಹುದು, ಬ್ಯಾಕಪ್ಪಿನ ಚಿಂತೆ ಬೇರೆಯಾಗಿ ಇಲ್ಲ. ಪಿಎಲ್‌ಸಿ ಬ್ರಾಂಡ್ ಬದಲಾದ ದಿನ ಎಲ್ಲವನ್ನೂ ಮತ್ತೆ ಬರೆಯಬೇಕು, ಅಷ್ಟೇ ಅದರ ದೋಷ.

ಕೈಕೊಡುವುದು ಎಲ್ಲಿ

ಮೂರರಲ್ಲಿ ಯಾವುದನ್ನೇ ತಂದರೂ ಮೊದಲ ದಿನದ ಸಮಸ್ಯೆಗಳು ಒಂದೇ. ಅವುಗಳಲ್ಲಿ ಹೆಚ್ಚಿನವು ತಂತಿಯಲ್ಲಿರುತ್ತವೆ.

ಆರ್‌ಎಸ್-232ಗೆ ಮೂರೇ ತಂತಿ ಸಾಕು ಎನ್ನುತ್ತಾರೆ. ಒಂಬತ್ತು ಪಿನ್ನಿನ ಕನೆಕ್ಟರಿನಲ್ಲಿ 2, 3, 5. ಆದರೆ ಇಪ್ಪತ್ತೈದು ಪಿನ್ನಿನ ಹಳೆಯ ಕನೆಕ್ಟರಿನಲ್ಲಿ ಗ್ರೌಂಡ್ ಇರುವುದು 7ರಲ್ಲಿ, ಕಳಿಸುವುದು 2ರಲ್ಲಿ, ಕೇಳುವುದು 3ರಲ್ಲಿ. ಕಂಪ್ಯೂಟರಿನ ಒಂಬತ್ತು ಪಿನ್ನಿನದಕ್ಕೆ ಅದು ತಿರುಗಾಮುರುಗ. ಪ್ರಿಂಟರಿಗೆಂದು ಮಾಡಿದ ಪೋರ್ಟ್ ಆದರೆ 'ಕಳಿಸಬಹುದು' ಎಂಬ ಸಿಗ್ನಲ್ ಬಾರದೆ ಅದು ಒಂದು ಅಕ್ಷರವನ್ನೂ ಬಿಡುವುದಿಲ್ಲ. ಉಪಕರಣದ ಕಡೆಯ ಒಂಬತ್ತು ಪಿನ್ನಿನಲ್ಲಿ 7 ಮತ್ತು 8ನ್ನು ಸೇರಿಸಿ, 1, 4, 6 ಮೂರನ್ನು ಒಟ್ಟಿಗೆ ಕಟ್ಟಿದರೆ ಅದು ಬಾಯಿ ಬಿಡುತ್ತದೆ. ಮಲ್ಟಿಮೀಟರಿನಲ್ಲಿ ನೋಡುವ ಸುಲಭ ದಾರಿ: ಸುಮ್ಮನಿರುವಾಗ ಕಳಿಸುವ ಪಿನ್ನಿನಲ್ಲಿ ಗ್ರೌಂಡಿಗೆ ಹೋಲಿಸಿದರೆ ಮೈನಸ್ 5ರಿಂದ ಮೈನಸ್ 15 ವೋಲ್ಟ್ ಇರಬೇಕು. ಎರಡು ಕಡೆಯ ಕಳಿಸುವ ಪಿನ್‌ಗಳೂ ಒಂದೇ ತಂತಿಯ ಮೇಲಿದ್ದರೆ ಇನ್ನೊಂದು ತಂತಿ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. 15 ಮೀಟರಿಗಿಂತ ದೂರವಿದ್ದರೆ, ಅಥವಾ ಎರಡು ಪ್ಯಾನೆಲ್‌ಗಳ ಅರ್ಥಿಂಗ್ ಬೇರೆ ಬೇರೆಯಾಗಿದ್ದರೆ, ಐಸೊಲೇಟರ್ (ಎರಡು ಕಡೆಯ ವಿದ್ಯುತ್ ಸಂಪರ್ಕ ಬೇರ್ಪಡಿಸುವ ಸಾಧನ) ಇಲ್ಲದೆ 232 ಎಳೆಯಬೇಡಿ. ಪೋರ್ಟ್ ಸುಟ್ಟುಹೋಗುವುದು ಸಾಮಾನ್ಯವಾಗಿ ಹೀಗೆಯೇ.

ಆರ್‌ಎಸ್-485ರಲ್ಲಿ ತೊಂದರೆ ಹೆಸರಿನಿಂದಲೇ ಶುರು. ಸ್ಟ್ಯಾಂಡರ್ಡ್ ಪ್ರಕಾರ 'ಎ' ಎಂಬುದು ಮೈನಸ್, 'ಬಿ' ಎಂಬುದು ಪ್ಲಸ್. ಪ್ರೊಫಿಬಸ್ಸಿನಲ್ಲೂ ಹಾಗೆಯೇ, ಹಸಿರು ತಂತಿ 'ಎ', ಕೆಂಪು ತಂತಿ 'ಬಿ'. ಆದರೆ ಹಲವು ಚಿಪ್ ತಯಾರಕರು ಇದನ್ನು ಉಲ್ಟಾ ಬರೆಯುತ್ತಾರೆ, ಅವರ ಚಿಪ್ ಹಾಕಿದ ಉಪಕರಣಗಳೂ ಹಾಗೇ ಬರೆಯುತ್ತವೆ. ಅಕ್ಷರ ನಂಬಬೇಡಿ, ಪ್ಲಸ್ ಮೈನಸ್ ಗುರುತು ಹುಡುಕಿ. ಅದೂ ಇಲ್ಲದಿದ್ದರೆ ಎರಡು ತಂತಿ ಅದಲುಬದಲು ಮಾಡಿ ನೋಡಿ, ಅದರಿಂದ ಯಾವ ಪೋರ್ಟೂ ಹಾಳಾಗುವುದಿಲ್ಲ.

ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕುವುದು ಎಲ್ಲರಿಗೂ ಗೊತ್ತು. ಅದು ಹಾಕಿದ ಮೇಲೆ ಸುಮ್ಮನಿರುವ ಲೈನಿನ ಗತಿ ಏನು ಎಂಬುದನ್ನು ನೋಡುವವರು ಕಡಿಮೆ. ಎರಡು 120 ಸೇರಿ 60 ಓಮ್. ಯಾರೂ ಮಾತಾಡದಿದ್ದಾಗ ಎರಡು ತಂತಿಗಳ ನಡುವೆ 200 ಮಿಲಿವೋಲ್ಟ್ ಆದರೂ ಇರಬೇಕು, ಇಲ್ಲದಿದ್ದರೆ ರಿಸೀವರಿಗೆ ಗೊಂದಲ. ಈ ವೋಲ್ಟೇಜ್ ಕೊಡಲು ಮಾಡ್ಯೂಲಿನೊಳಗಿರುವ ಬಯಾಸ್ ರೆಸಿಸ್ಟರ್ 4.7 ಕಿಲೋ ಓಮ್ ಆಗಿದ್ದರೆ 5 ವೋಲ್ಟಿನಿಂದ ಸಿಗುವುದು ಬರೀ 32 ಮಿಲಿವೋಲ್ಟ್. ಪ್ಲಸ್ ತಂತಿಯಿಂದ 5 ವೋಲ್ಟಿಗೆ ಒಂದು 560 ಓಮ್, ಮೈನಸ್‌ನಿಂದ ಗ್ರೌಂಡಿಗೆ ಇನ್ನೊಂದು 560 ಹಾಕಿದರೆ ಸುಮಾರು 254 ಮಿಲಿವೋಲ್ಟ್ ಆಗುತ್ತದೆ. ಇದನ್ನು ಇಡೀ ಲೈನಿಗೆ ಒಂದೇ ಜಾಗದಲ್ಲಿ ಮಾಡಿ. ಬಯಾಸ್ ಇಲ್ಲದಿದ್ದರೆ ಕಾಣುವ ಲಕ್ಷಣ: ಪ್ರತಿ ಉತ್ತರದ ಮುಂದೆ ಒಂದು ಕಸದ ಬೈಟ್, ಸಾಮಾನ್ಯವಾಗಿ 0 ಅಥವಾ 255. ಸಿಆರ್‌ಸಿ ತಪ್ಪುತ್ತದೆ, ಮರುಪ್ರಯತ್ನ ಹೆಚ್ಚುತ್ತದೆ, ಪಕ್ಕದ ಮೋಟರ್ ಓಡುವಾಗ ಇನ್ನೂ ಹೆಚ್ಚು.

ಇದರ ಉಲ್ಟಾ ಲಕ್ಷಣವೂ ಇದೆ: ಉತ್ತರದ ಮೊದಲ ಬೈಟ್ ಕಾಣೆ. ಉಪಕರಣ ಬಹಳ ಚುರುಕಾಗಿ ಉತ್ತರಿಸುತ್ತಿದೆ, ಮಾಡ್ಯೂಲ್ ಇನ್ನೂ ತನ್ನ ಟ್ರಾನ್ಸ್‌ಮಿಟರ್ ಆರಿಸಿಲ್ಲ ಎಂದರ್ಥ. ಉಪಕರಣದ ಮೆನುವಿನಲ್ಲಿ ಉತ್ತರ ವಿಳಂಬ ಎಂಬ ಸೆಟ್ಟಿಂಗ್ ಇದ್ದರೆ 5ರಿಂದ 10 ಮಿಲಿಸೆಕೆಂಡ್ ಕೊಡಿ.

ತಂತಿ ಸರಿಯಿದ್ದೂ ಅಂಕಿ ತಪ್ಪಿದರೆ ಪ್ಯಾರಿಟಿ ನೋಡಿ. ಉಪಕರಣ 7 ಬಿಟ್ ಈವನ್ ಪ್ಯಾರಿಟಿಯಲ್ಲಿ ಕಳಿಸುತ್ತಿದೆ, ಮಾಡ್ಯೂಲ್ 8 ಬಿಟ್ ಪ್ಯಾರಿಟಿ ಇಲ್ಲ ಎಂದಿದೆ ಎಂದುಕೊಳ್ಳಿ. ಎರಡರಲ್ಲೂ ಒಟ್ಟು 10 ಬಿಟ್ಟೇ, ಆದ್ದರಿಂದ ಯಾವ ಫ್ರೇಮಿಂಗ್ ದೋಷವೂ (ಬೈಟಿನ ಗಡಿ ತಪ್ಪಿದೆ ಎಂಬ ಸೂಚನೆ) ಬರುವುದಿಲ್ಲ. ಆದರೆ ಪ್ಯಾರಿಟಿ ಬಿಟ್ ಎಂಟನೇ ಬಿಟ್ಟಿನ ಜಾಗಕ್ಕೆ ಬಂದು ಕೂರುತ್ತದೆ. 0, 3, 5, 6, 9 ಈ ಅಂಕಿಗಳು ಸರಿಯಾಗಿಯೇ ಬರುತ್ತವೆ. 1, 2, 4, 7, 8 ಮಾತ್ರ 128 ಹೆಚ್ಚಾಗಿ ಬರುತ್ತವೆ. '1' ಎಂಬ ಅಕ್ಷರಕ್ಕೆ 49 ಬರಬೇಕಾದಲ್ಲಿ 177. ಹಾಗಾಗಿ ಖಾಲಿ ತೂಕ 0000.00 ಸರಿ, 0035.60 ಸರಿ, 0012.34 ಹಾಳು. ಖಾಲಿ ತಕ್ಕಡಿಯಲ್ಲಿ ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಎಂದು ಪ್ಯಾನೆಲ್ ಮುಚ್ಚಿದವರಿಗೆ ಇದು ಸಿಕ್ಕುವುದಿಲ್ಲ. ಪರೀಕ್ಷೆಗೆ ಹತ್ತೂ ಅಂಕಿಗಳು ಬರುವಂಥ ತೂಕಗಳನ್ನಿಟ್ಟು ನೋಡಿ.

ದಶಮಾಂಶ ಸಂಖ್ಯೆಗಳಲ್ಲಿ ಬೈಟ್‌ಗಳ ಕ್ರಮ ಇನ್ನೊಂದು ಗುಂಡಿ. 25.0 ಡಿಗ್ರಿ ಎಂಬುದು 32 ಬಿಟ್ ಫ್ಲೋಟ್ ಆಗಿ 65, 200, 0, 0 ಎಂಬ ನಾಲ್ಕು ಬೈಟ್. ಎರಡು ರಿಜಿಸ್ಟರ್‌ಗಳು ಹಿಂದುಮುಂದಾದರೆ 0, 0, 65, 200 ಆಗಿ ಪರದೆಯಲ್ಲಿ ಹೆಚ್ಚುಕಡಿಮೆ ಸೊನ್ನೆ ಕಾಣುತ್ತದೆ. ರಿಜಿಸ್ಟರಿನೊಳಗಿನ ಬೈಟ್‌ಗಳು ಹಿಂದುಮುಂದಾದರೆ 200, 65, 0, 0 ಆಗಿ ಮೈನಸ್ 1,97,632 ಕಾಣುತ್ತದೆ. ಸೊನ್ನೆ ಕಂಡರೆ ರಿಜಿಸ್ಟರ್ ತಿರುಗಿಸಿ, ದೊಡ್ಡ ಹುಚ್ಚು ಸಂಖ್ಯೆ ಕಂಡರೆ ಬೈಟ್ ತಿರುಗಿಸಿ. ಪ್ರೊಫಿನೆಟ್ ದೊಡ್ಡ ಬೈಟನ್ನು ಮುಂದಿಡುತ್ತದೆ, ಈಥರ್‌ನೆಟ್/ಐಪಿ ಸಣ್ಣದನ್ನು ಮುಂದಿಡುತ್ತದೆ ಎಂಬುದು ನೆನಪಿದ್ದರೆ ಅರ್ಧ ಕೆಲಸ ಕಡಿಮೆ. ಸಿಆರ್‌ಸಿಗೂ ಇದೇ ಎಚ್ಚರ ಬೇಕು. ವಿಳಾಸ 1ರ ಉಪಕರಣದಿಂದ ಎರಡು ರಿಜಿಸ್ಟರ್ ಓದುವ ಪ್ರಶ್ನೆ ದಶಮಾನದಲ್ಲಿ 1, 3, 0, 0, 0, 2, 196, 11. ಕೊನೆಯ ಎರಡು 11, 196 ಎಂದಾದರೆ ಉಪಕರಣ ತಪ್ಪು ಎಂದೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ಸ್ಕ್ರಿಪ್ಟಿನಲ್ಲಿ ಸಿಆರ್‌ಸಿ ನೀವೇ ಬರೆದಿದ್ದರೆ ಈ ಎಂಟು ಬೈಟ್‌ಗಳನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ.

ಹಾರ್ಡ್‌ವೇರ್ ಕಾನ್ಫಿಗರೇಷನ್ನಿನಲ್ಲಿ 8 ಬೈಟ್ ಬೇಕಿದ್ದರೆ 8 ಬೈಟಿನ ಒಂದೇ ಮಾಡ್ಯೂಲ್ (ಇಲ್ಲಿ ಡಬ್ಬಿಯಲ್ಲ, ಪಟ್ಟಿಯಲ್ಲಿರುವ ಡೇಟಾ ಗುಂಪು) ಆರಿಸಿ. ಎರಡು ಬೈಟಿನ ನಾಲ್ಕು ಆರಿಸಿದರೆ ತೂಕದ ಮೇಲರ್ಧ ಹಳೆಯ ಸಾಲಿನದು, ಕೆಳಗಿನರ್ಧ ಹೊಸ ಸಾಲಿನದು ಆಗಿ ಬರುವ ಗಳಿಗೆ ಇರುತ್ತದೆ. ಅದು ಯಾವಾಗಲೋ ಒಮ್ಮೆ, ಪಿಎಲ್‌ಸಿ ಪ್ರೋಗ್ರಾಮಿನ ಒಂದು ಸುತ್ತಿನಲ್ಲಿ ಮಾತ್ರ ಕಾಣುವುದರಿಂದ ಹಿಡಿಯುವುದು ಬಲು ಕಷ್ಟ. ಹಳೆಯ ಎಸ್7-300ರಲ್ಲಾದರೆ ಎಸ್‌ಎಫ್‌ಸಿ 14 ಮತ್ತು 15 ಎಂಬ ಸಿದ್ಧ ಫಂಕ್ಷನ್‌ಗಳನ್ನು ಬಳಸಿಯೇ ಓದಿ, ಬರೆಯಿರಿ. ಪ್ರೊಫಿಬಸ್ ಡಿಪಿಯಲ್ಲಿ ಒಂದು ಸ್ಲೇವಿಗೆ (ಪಿಎಲ್‌ಸಿ ಕೇಳಿದಾಗ ಉತ್ತರಿಸುವ ಉಪಕರಣ, ಇಲ್ಲಿ ಗೇಟ್‌ವೇ) ಒಳಕ್ಕೆ 244, ಹೊರಕ್ಕೆ 244 ಬೈಟ್ ಮಿತಿ. ಮೀಟರ್‌ಗಳ ಸಾಲು ಉದ್ದವಿದ್ದರೆ ಮೊದಲೇ ಕೂಡಿಸಿ ನೋಡಿ.

ಯಾವುದು ಯಾರಿಗೆ

ಮಾಡ್‌ಬಸ್ ಉಪಕರಣಗಳು ನಾಲ್ಕಾರು ಇದ್ದು ಪಿಎಲ್‌ಸಿ ಯಾವುದಾದರೂ ಆಗಿರಲಿ, ಎನಿಬಸ್ ಕಮ್ಯುನಿಕೇಟರ್ ಬಗೆ. ಒಂದೇ ಉಪಕರಣ, ಸೀಮೆನ್ಸ್ ಪಿಎಲ್‌ಸಿ ಎಂದಾದರೆ ಅದರದೇ ಕಾರ್ಡ್. ಕೈಪಿಡಿಯಲ್ಲಿ ಪ್ರೋಟೊಕಾಲಿಗೆ ಹೆಸರೇ ಇಲ್ಲದ, ತಾನಾಗಿ ಸಾಲು ಕಳಿಸುವ, ಅಥವಾ ಮಾತುಕತೆಯ ನಡುವೆ ತೀರ್ಮಾನ ಬೇಡುವ ಉಪಕರಣಕ್ಕೆ ಯುನಿಗೇಟ್ ಸಿಎಲ್‌ನಂಥ ಸ್ಕ್ರಿಪ್ಟ್ ಮಾಡ್ಯೂಲ್. ಅಪಾಯವಿರುವ ಜಾಗದ ತುರ್ತು ನಿಲುಗಡೆ, ಗಾರ್ಡ್ ಇಂಟರ್‌ಲಾಕ್ ಇಂಥವನ್ನು ಈ ಮೂರರಲ್ಲಿ ಯಾವುದರ ಮೂಲಕವೂ ಕಳಿಸಬೇಡಿ, ಅವಕ್ಕೆ ಪ್ರತ್ಯೇಕ ತಂತಿಯೇ ಬೇಕು.

ಕೊಳ್ಳುವಾಗ ಒಂದರ ಬದಲು ಎರಡು ಕೊಳ್ಳಿ. ಎರಡನೆಯದನ್ನು ಬೀರುವಿನಲ್ಲಿಡುವ ಮುನ್ನ ಅದಕ್ಕೂ ಅದೇ ಕಾನ್ಫಿಗರೇಷನ್ ಇಳಿಸಿ, ಪ್ರೊಫಿನೆಟ್ ಆದರೆ ಡಿವೈಸ್ ಹೆಸರು ಬರೆದು, ಲೈನಿನಲ್ಲಿ ಒಮ್ಮೆ ಹಾಕಿ ಓಡಿಸಿ ನೋಡಿ. ಪ್ಯಾನೆಲ್ ಹಸ್ತಾಂತರಿಸುವ ದಿನ ಮೂರು ಪರೀಕ್ಷೆ ಮಾಡಿಸಿ: ಸೀರಿಯಲ್ ಕೇಬಲ್ ಕೀಳಿ, ಪಿಎಲ್‌ಸಿಗೆ ಗೊತ್ತಾಗಲು ಎಷ್ಟು ಹೊತ್ತಾಯಿತು ಎಂದು ಗಡಿಯಾರ ಹಿಡಿದು ನೋಡಿ. ಕೇಬಲ್ ಮತ್ತೆ ಹಾಕಿ, ಯಾರೂ ರೀಸೆಟ್ ಒತ್ತದೆ ಮೌಲ್ಯ ಮರಳುತ್ತದೆಯೇ ನೋಡಿ. ಆಮೇಲೆ ಇಂಡಿಕೇಟರ್ ಸಾಲು ಕಳಿಸುತ್ತಿರುವಾಗಲೇ ಗೇಟ್‌ವೇಯ 24 ವೋಲ್ಟ್ ತೆಗೆದು ಹಾಕಿ, ಹತ್ತು ಸಲ. ಹತ್ತರಲ್ಲಿ ಒಂದು ಸಲ ತಪ್ಪು ತೂಕ 'ಸರಿಯಿದೆ' ಎಂಬ ಬಿಟ್ಟಿನ ಜೊತೆ ಬಂದರೂ ಪ್ಯಾನೆಲ್ ಒಪ್ಪಿಕೊಳ್ಳಬೇಡಿ.